ಕಾವೇರಿ ಸೀಮೆಯ ಹಕ್ಕಿಗಳೂ ನಮ್ಮ ಹಿತ್ತಲ ಹುಣಸೆಮರವೂ

ನಮ್ಮ ಮನೆಯ ಹಿತ್ತಲಲ್ಲಿ ಒಂದು ಹಳೇ ಹುಣಸೆಮರ ಇದೆ. ಅದನ್ನು ಕಡಿಸಬೇಕೆಂದು ನಾಲ್ಕು ವರ್ಷದಿಂದ ನಾನು ಹಟ ಹಿಡಿದಿದ್ದೆ. ಮರದ ಮೇಲೆ ನನಗೇನೂ ದ್ವೇಷವಿರಲಿಲ್ಲ. ಮಳೆಗಾಲ ಶುರುವಾದರೆ ಸಾಕು, ಎಲ್ಲಿಂದಲೋ ಬಂದು ಅದರ ತುಂಬ ಗೂಡು ಕಟ್ಟುವ ಕೊಕ್ಕರೆಗಳ ಮೇಲೆ ನನ್ನ ಸಿಟ್ಟು. ಒಗೆದು ಹರವಿದ ಬಿಳಿ ಪಂಚೆಯ ಮೇಲೆ ಹಿಕ್ಕೆ, ಅಂಗಳ ತೊಳೆದು ರಂಗೋಲಿ ಇಟ್ಟ ಐದು ನಿಮಿಷಕ್ಕೆ ಅದರ ಮೇಲೂ ಹಿಕ್ಕೆ. ಮಳೆ ಬಿದ್ದು ಬಿಸಿಲು ಬಂದರಂತೂ ಆ ವಾಸನೆಗೆ ಅಡಿಗೆಮನೆ ಕಿಟಕಿ ತೆರೆಯುವ ಹಾಗಿಲ್ಲ. ಒಂದು ದಿನ ಮಡಿಯುಟ್ಟು ತುಳಸಿಕಟ್ಟೆಗೆ ನೀರು ಹಾಕಲು ಹೋದರೆ, ಕಟ್ಟೆಯ ಮೇಲೆ ಅರ್ಧ ತಿಂದ ಮೀನು! ನಮ್ಮದು ಈರುಳ್ಳಿಯನ್ನೂ ಹಬ್ಬದ ದಿನ ಒಳಗೆ ಬಿಟ್ಟುಕೊಳ್ಳದ ಮನೆ. ನನಗೆ ಹೇಗಾಗಿರಬೇಡ ನೀವೇ ಹೇಳಿ.

“ಅತ್ತೆಯವರು ನೆಟ್ಟ ಮರ” ಎಂದು ನಮ್ಮ ಮನೆಯವರು ಪ್ರತಿ ಸಲವೂ ಮಾತು ಹಾರಿಸುತ್ತಿದ್ದರು. ಕೊನೆಗೆ ನಾನೇ ಧೈರ್ಯ ಮಾಡಿ, ಮರ ಕಡಿಯುವವನನ್ನು ಕರೆಸಿ, ಮನೆಖರ್ಚಿನಲ್ಲಿ ಉಳಿಸಿದ್ದ ಐನೂರು ರೂಪಾಯಿ ಮುಂಗಡ ಕೊಟ್ಟೆ. ಹಕ್ಕಿ ಬರುವ ಮೊದಲೇ, ಬೇಸಿಗೆಯಲ್ಲೇ ಕೆಲಸ ಮುಗಿಸಿಬಿಡಬೇಕೆಂದು ಮಾತಾಯಿತು.

ಅಷ್ಟರಲ್ಲಿ ನಮ್ಮ ತಿಪಟೂರಿನ ಮಹಿಳಾ ಸಮಾಜದವರು ಎರಡು ದಿನದ ಪ್ರವಾಸ ಗೊತ್ತು ಮಾಡಿದರು. ಕೊಕ್ಕರೆಬೆಳ್ಳೂರು, ಸೋಮನಾಥಪುರ, ಶ್ರೀರಂಗಪಟ್ಟಣ, ರಂಗನತಿಟ್ಟು. ದೇವಸ್ಥಾನಗಳಿಗೆಂದು ನಾನು ಹೆಸರು ಕೊಟ್ಟೆ. ಹಕ್ಕಿ ನೋಡುವುದಕ್ಕೆ ದುಡ್ಡು ಕೊಟ್ಟು ಬೇರೆ ಊರಿಗೆ ಹೋಗುವುದೇ, ನಮ್ಮ ಹಿತ್ತಲಿಗೆ ಬಂದರೆ ಪುಕ್ಕಟೆ ತೋರಿಸುತ್ತೇನಲ್ಲ ಎಂದು ಎದುರುಮನೆ ಅಕ್ಕನ ಹತ್ತಿರ ನಗೆಯಾಡಿದ್ದೂ ಉಂಟು.

ಮೇಷ್ಟ್ರ ದುರ್ಬೀನು

ಫೆಬ್ರವರಿಯ ಒಂದು ಶನಿವಾರ, ಇನ್ನೂ ಕತ್ತಲಿರುವಾಗಲೇ ಹನ್ನೆರಡು ಜನ ಹೆಂಗಸರು ವ್ಯಾನು ಹತ್ತಿದೆವು. ನಮಗೆ ದಾರಿ ತೋರಿಸಲು ಬಂದವರು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರು. ಕೊರಳಲ್ಲಿ ದುರ್ಬೀನು, ಜೇಬಿನಲ್ಲಿ ಸಣ್ಣ ನೋಟುಪುಸ್ತಕ. ವ್ಯಾನು ಹೊರಡುವ ಮೊದಲೇ ಅವರು ಮೂರು ಕಟ್ಟಳೆ ಹಾಕಿದರು. “ಗಟ್ಟಿಯಾಗಿ ಮಾತಾಡಬಾರದು ತಾಯಂದಿರಾ. ಹಕ್ಕಿ ಕಂಡರೆ ಬೆರಳು ಚಾಚಿ ಕೂಗಬಾರದು. ‘ಅಯ್ಯೋ ಇಷ್ಟೇನಾ’ ಅಂತ ಮಾತ್ರ ಯಾರೂ ಅನ್ನಬಾರದು.” ಮೂರನೆಯದನ್ನು ಹೇಳುವಾಗ ಅವರು ನನ್ನ ಕಡೆಗೇ ನೋಡಿದಂತಾಯಿತು.

ನಾಗಮಂಗಲ, ಮಂಡ್ಯದ ಮೇಲೆ ಮದ್ದೂರು ತಲಪಿ, ಬಿಸಿ ವಡೆ ತಿಂದು ಕಾಫಿ ಕುಡಿದೆವು. ಅಲ್ಲಿಂದ ಹೆದ್ದಾರಿ ಬಿಟ್ಟು ಹಳ್ಳಿ ರಸ್ತೆಗೆ ತಿರುಗಿದರೆ ಎರಡೂ ಕಡೆ ಕಬ್ಬು, ಭತ್ತದ ಗದ್ದೆ, ರಾಗಿ ಹುಲ್ಲಿನ ಮೆದೆ. ನಾವು ಎರಡು ದಿನ ಓಡಾಡಿದ ಜಾಗಗಳೆಲ್ಲ ಕಾವೇರಿ ಮತ್ತು ಅದರ ಉಪನದಿ ಶಿಂಷಾ, ಈ ಎರಡು ನೀರಿನ ಆಸುಪಾಸಿನವು. ನದಿ, ಕೆರೆ, ಕಾಲುವೆ, ನೀರು ನಿಂತ ಗದ್ದೆ ಎಲ್ಲವೂ ಸೇರಿ ಈ ಸೀಮೆಯೇ ಹಕ್ಕಿಗಳಿಗೆ ಒಂದು ದೊಡ್ಡ ಊಟದ ಮನೆ ಎಂದು ಮೇಷ್ಟ್ರು ವಿವರಿಸಿದರು.

ಕೊಕ್ಕರೆಬೆಳ್ಳೂರಿನ ಬಾಣಂತಿಯರು

ಕೊಕ್ಕರೆಬೆಳ್ಳೂರು ಮದ್ದೂರು ತಾಲ್ಲೂಕಿನ ಒಂದು ಸಾಧಾರಣ ಹಳ್ಳಿ. ಬೆಂಗಳೂರಿನಿಂದ ಸುಮಾರು 80 ಕಿಲೋಮೀಟರು. ಇಲ್ಲಿ ಬೇಲಿಯಿಲ್ಲ, ದೊಡ್ಡ ಹೆಬ್ಬಾಗಿಲಿಲ್ಲ. ಮನೆ, ಕೊಟ್ಟಿಗೆ, ತಿಪ್ಪೆ, ಬೀದಿ ನಲ್ಲಿ, ಅವುಗಳ ನಡುವೆಯೇ ದೊಡ್ಡ ದೊಡ್ಡ ಹುಣಸೆ, ಅರಳಿ, ಬಸರಿ ಮರಗಳು. ವ್ಯಾನು ಇಳಿದು ತಲೆಯೆತ್ತಿದೆವು. ಮರಗಳ ನೆತ್ತಿಯ ತುಂಬ ಬೂದು ಬಣ್ಣದ ಭಾರೀ ಹಕ್ಕಿಗಳು! ಒಂದೊಂದು ಹಕ್ಕಿಯೂ ನಮ್ಮನೆ ನೀರು ಕಾಯಿಸುವ ಹಂಡೆಯಷ್ಟು ದಪ್ಪ. ಉದ್ದನೆ ಕೊಕ್ಕು, ಕೊಕ್ಕಿನ ಕೆಳಗೆ ಜೋತುಬಿದ್ದ ಚೀಲ.

ಅದೇ ಹೆಜ್ಜಾರ್ಲೆ. ಕೊಕ್ಕಿನ ಪಕ್ಕದಲ್ಲಿ ಸಾಲಾಗಿ ಚುಕ್ಕೆ ಇರುತ್ತವೆ, ದುರ್ಬೀನಿನಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಅದರ ಪಕ್ಕದ ಮರದಲ್ಲಿ ಬಣ್ಣದ ಕೊಕ್ಕರೆಗಳು. ಹಳದಿ ಕೊಕ್ಕು, ಕಿತ್ತಳೆ ಮುಖ, ಬಾಲದ ಹತ್ತಿರ ಯಾರೋ ಗುಲಾಬಿ ಬಣ್ಣದ ಕುಂಚ ಒರೆಸಿದ ಹಾಗೆ. ಡಿಸೆಂಬರ್, ಜನವರಿಯ ಹೊತ್ತಿಗೆ ಬಂದು, ಗೂಡು ಕಟ್ಟಿ, ಮರಿ ಮಾಡಿ, ಮಳೆಗಾಲ ಹಿಡಿಯುವ ಹೊತ್ತಿಗೆ ಮಕ್ಕಳನ್ನು ಕರೆದುಕೊಂಡು ಹೊರಟುಬಿಡುತ್ತವೆ. ಹೆಜ್ಜಾರ್ಲೆ ಎರಡೋ ಮೂರೋ ಮೊಟ್ಟೆಯಿಟ್ಟು ಸುಮಾರು ಒಂದು ತಿಂಗಳು ಕಾವು ಕೂರುತ್ತದೆ. ಗಂಡು ಹೆಣ್ಣು ಇಬ್ಬರೂ ಸರದಿಯಂತೆ ಕೂರುತ್ತವೆಂದು ಮೇಷ್ಟ್ರು ಹೇಳಿದಾಗ ನಮ್ಮ ಗುಂಪಿನಲ್ಲಿ ಒಂದು ಸಣ್ಣ ನಗು ಎದ್ದಿತು. ಮೊದಲನೇ ಕಟ್ಟಳೆಯನ್ನು ಅಲ್ಲಿಗೇ ಮುರಿದೆವೆನ್ನಿ.

ಮರಿಗಳ ಊಟದ ಸಂಭ್ರಮ ನೋಡಬೇಕು. ತಾಯಿ ಬಂದು ಕೊಕ್ಕು ತೆರೆದರೆ, ಮರಿ ತನ್ನ ತಲೆಯನ್ನೇ ಆ ಚೀಲದೊಳಗೆ ತೂರಿಸಿ ಮೀನು ತಿನ್ನುತ್ತದೆ. ಮಧ್ಯಾಹ್ನದ ಬಿಸಿಲಿಗೆ ಒಂದು ಬಣ್ಣದ ಕೊಕ್ಕರೆ ಎರಡೂ ರೆಕ್ಕೆ ಹರವಿಕೊಂಡು ಕದಲದೆ ನಿಂತಿತ್ತು. “ಯಾಕೆ ಹಾಗೆ ನಿಂತಿದೆ ನೋಡಿ” ಎಂದು ಮೇಷ್ಟ್ರು ದುರ್ಬೀನನ್ನು ನನ್ನ ಕೈಗೆ ಕೊಟ್ಟರು. ರೆಕ್ಕೆಯ ನೆರಳಿನಲ್ಲಿ ಮೂರು ಬಿಳೀ ಮರಿಗಳು ಕತ್ತು ಮಡಿಸಿ ಮಲಗಿದ್ದವು. ಬಸ್‌ಸ್ಟ್ಯಾಂಡಿನಲ್ಲಿ ಸೆರಗಿನಿಂದ ಮಗುವಿಗೆ ನೆರಳು ಮಾಡಿಕೊಂಡು ನಿಂತ ತಾಯಂದಿರನ್ನು ಎಷ್ಟು ಸಲ ನೋಡಿಲ್ಲ ನಾವು!

ಆ ಮರ ಒಂದು ಮನೆಯ ಅಂಗಳಕ್ಕೇ ಚಾಚಿಕೊಂಡಿತ್ತು. ಜಗಲಿಯ ಮೇಲೆ ಒಬ್ಬ ಅಜ್ಜಿ ಅವರೆಕಾಯಿ ಸುಲಿಯುತ್ತ ಕುಳಿತಿದ್ದರು. ಅಂಗಳದ ತುಂಬ ಸುಣ್ಣ ಬಳಿದ ಹಾಗೆ ಹಿಕ್ಕೆ. ನನಗೆ ತಡೆಯಲಾಗಲಿಲ್ಲ. “ಅಜ್ಜಿ, ಇಷ್ಟು ಗಲೀಜು, ಈ ವಾಸನೆ, ಹೇಗೆ ಸಹಿಸ್ಕೋತೀರಿ? ಮರ ಕಡಿಸಿಬಿಡಬೇಕು ಅನ್ನಿಸೋದಿಲ್ವಾ?” ಎಂದು ಕೇಳಿಯೇಬಿಟ್ಟೆ.

ಅಜ್ಜಿ ಕೈಯ ಕೆಲಸ ನಿಲ್ಲಿಸದೆ ಹೇಳಿದರು: “ಎಣ್ಮಕ್ಳು ಎರಿಗೆಗೆ ತವರ್ಗೆ ಬತ್ತವೆ ಕಣವ್ವ. ಬಟ್ಟೆ ಗಲೀಜಾಯ್ತದೆ ಅಂತ ಬಾಣಂತಿನ ಆಚ್ಗೆ ಕಳಿಸ್ತೀಯಾ?”

ನನಗೆ ಮಾತು ಹೊರಡಲಿಲ್ಲ. ನಾನೂ ಎರಡು ಹೆತ್ತವಳು. ಎರಡು ಸಲವೂ ತವರಿನಲ್ಲಿ ಮೂರು ಮೂರು ತಿಂಗಳು, ನನ್ನ ತಾಯಿ ಒಗೆದ ಬಟ್ಟೆಗೆ ಲೆಕ್ಕವಿದೆಯೇ?

ತವರಿನ ಈ ಮಾತು ಆ ಅಜ್ಜಿಯೊಬ್ಬರದೇ ಅಲ್ಲ, ಹಳ್ಳಿಗೆ ಹಳ್ಳಿಯೇ ಹೀಗೆ ಹೇಳುತ್ತದೆಯಂತೆ. ಹಿಂದೆ ಪ್ಲೇಗು ಬಂದು ಜನ ಊರನ್ನು ಬೇರೆ ಜಾಗಕ್ಕೆ ಸಾಗಿಸಿದಾಗ ಹಕ್ಕಿಗಳೂ ಅವರ ಹಿಂದೆಯೇ ಬಂದವೆಂದು ಇಲ್ಲಿಯವರು ಹೇಳುತ್ತಾರೆ. ಹಕ್ಕಿ ಬಂದ ವರ್ಷ ಮಳೆ ಬೆಳೆ ಚೆನ್ನ ಎಂಬ ನಂಬಿಕೆಯೂ ಇದೆ. ಬರೀ ನಂಬಿಕೆಯಲ್ಲ, ಲೆಕ್ಕವೂ ಇದೆ. ಮರದ ಕೆಳಗೆ ಬಿದ್ದ ಹಿಕ್ಕೆಯನ್ನು ಮಣ್ಣಿನ ಜತೆ ಸೇರಿಸಿ ಕೊಳೆಯಲು ಬಿಟ್ಟು ಹೊಲಕ್ಕೆ ಗೊಬ್ಬರ ಮಾಡುತ್ತಾರೆ. ಆದರೆ ಹಕ್ಕಿ ಕೂತ ಹುಣಸೆಯಲ್ಲಿ ಹಣ್ಣಿನ ಫಸಲು ಸಿಗುವುದಿಲ್ಲ. ಆ ನಷ್ಟಕ್ಕೆಂದು ಅರಣ್ಯ ಇಲಾಖೆ ಮರದ ಒಡೆಯರಿಗೆ ಒಂದಿಷ್ಟು ಹಣ ಕೊಡುತ್ತದೆ. ಅದು ಹುಣಸೆಹಣ್ಣಿನ ಬೆಲೆಗೆ ಸಮನಾಗುವುದಿಲ್ಲವೆಂದು ಅಜ್ಜಿಯ ಸೊಸೆ ಒಳಗಿನಿಂದಲೇ ದನಿಗೂಡಿಸಿದಳು. ಆ ಮಾತಿನಲ್ಲೂ ನ್ಯಾಯವಿದೆ. ನೋಡಿ ಸಂತೋಷಪಟ್ಟು ಹೋಗುವವರು ನಾವು, ವರ್ಷವರ್ಷವೂ ಗುಡಿಸುವವರು ಅವರು.

1976ರಲ್ಲಿ ಎಸ್. ಜಿ. ನೇಗಿನಹಾಳ ಎಂಬ ಅರಣ್ಯಾಧಿಕಾರಿಗಳು ಇಲ್ಲಿಗೆ ಬಂದು ನೋಡಿ ಬರೆದ ಮೇಲೆ ಈ ಹಳ್ಳಿಯ ಹೆಸರು ಹೊರಗಿನವರಿಗೆ ತಿಳಿಯಿತು. ಊರಿನ ಹುಡುಗರೇ ಕಟ್ಟಿಕೊಂಡ ‘ಹೆಜ್ಜಾರ್ಲೆ ಬಳಗ’ ಗೂಡಿನಿಂದ ಕೆಳಗೆ ಬಿದ್ದ ಮರಿಗಳನ್ನು ಎತ್ತಿ, ಮೀನು ತಿನ್ನಿಸಿ ಸಾಕಿ, ಹಾರುವಂತಾದಾಗ ಬಿಟ್ಟುಬಿಡುತ್ತದೆ. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಸಾರಿತು. ಅಂದರೆ ಜನರನ್ನು ಎಬ್ಬಿಸದೆ, ಜನರ ಜತೆಯಲ್ಲೇ ಹಕ್ಕಿಗಳನ್ನೂ ಕಾಪಾಡುವ ಏರ್ಪಾಡು.

ಹಾಗೆಂದು ಎಲ್ಲವೂ ಸರಿಯಿದೆ ಎನ್ನುವಂತಿಲ್ಲ. 2017ರ ಕೊನೆಯಲ್ಲಿ ಇಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದರಂತೆ ಸತ್ತು ಬೀಳತೊಡಗಿದವು. ಸತ್ತ ಹಕ್ಕಿಗಳ ಹೊಟ್ಟೆಯಲ್ಲಿ ಹುಳುಗಳು ಕಂಡುಬಂದವು. ಹಳೇ ಮರಗಳು ಒಂದೊಂದಾಗಿ ಬೀಳುತ್ತಿವೆ, ಹೊಸ ಮರ ಬೆಳೆದು ಗೂಡು ಹೊರುವಷ್ಟಾಗಲು ಎಷ್ಟೋ ವರ್ಷ ಬೇಕು. ಬರ್ಮಾ ದೇಶದ ಸಿಟ್ಟಾಂಗ್ ನದಿಯ ಬಯಲಿನಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಈ ಹೆಜ್ಜಾರ್ಲೆಗಳು ಲೆಕ್ಕಕ್ಕೆ ಸಿಗದಷ್ಟು ಗೂಡು ಕಟ್ಟುತ್ತಿದ್ದವಂತೆ. ಕಾಡು ಕಡಿದು ಹೋಯಿತು, ಹಕ್ಕಿಗಳೂ ಹೋದವು. “ಲಕ್ಷ ಇದ್ದದ್ದು ಶೂನ್ಯ ಆಗೋದಕ್ಕೆ ಒಂದು ನೂರು ವರ್ಷ ಸಾಕು ತಾಯಿ” ಎಂದರು ಮೇಷ್ಟ್ರು. ನಾನು ನನ್ನ ಐನೂರು ರೂಪಾಯಿ ಮುಂಗಡದ ಸುದ್ದಿಯನ್ನು ಯಾರಿಗೂ ಹೇಳಲಿಲ್ಲ.

ಸೋಮನಾಥಪುರದ ಕಲ್ಲಿನ ಹಂಸಗಳು

ಹಳ್ಳಿಯ ಹೊರಗೆ ನೆರಳು ನೋಡಿ ಬುತ್ತಿ ಬಿಚ್ಚಿದೆವು. ಊಟವಾದ ಮೇಲೆ ಮಳವಳ್ಳಿ, ಬನ್ನೂರಿನ ಮೇಲೆ ಹಾದು ಸೋಮನಾಥಪುರಕ್ಕೆ ಬಂದಾಗ ಬಿಸಿಲು ಇಳಿಮುಖವಾಗಿತ್ತು. ದೇವಸ್ಥಾನ ನೋಡಲು ಅದೇ ಸರಿಯಾದ ಹೊತ್ತು. ಓರೆ ಬಿಸಿಲಿನಲ್ಲಿ ಕಲ್ಲಿನ ಕೆತ್ತನೆಯ ಒಂದೊಂದು ಗೀಟೂ ಎದ್ದು ಕಾಣುತ್ತದೆ.

ಹೊಯ್ಸಳ ದೊರೆ ಮೂರನೇ ನರಸಿಂಹನ ದಂಡನಾಯಕನಾಗಿದ್ದ ಸೋಮನಾಥ 1258ರಲ್ಲಿ ಕಟ್ಟಿಸಿದ ಕೇಶವ ದೇವಾಲಯ ಇದು. ನಕ್ಷತ್ರದಾಕಾರದ ಜಗತಿಯ ಮೇಲೆ ಮೂರು ಗರ್ಭಗುಡಿ, ಮೂರು ಗೋಪುರ. ಕೇಶವ, ಜನಾರ್ದನ, ವೇಣುಗೋಪಾಲರಿಗೆ ಒಂದೊಂದು. ಕೇಶವನ ಮೂಲ ವಿಗ್ರಹ ಈಗಿಲ್ಲ, ಪೂಜೆಯೂ ನಡೆಯುವುದಿಲ್ಲ. ವೇಣುಗೋಪಾಲನ ಮುಂದೆ ನಿಂತರೆ ಮಾತ್ರ ಆರತಿ ತಟ್ಟೆ ಕೈಯಲ್ಲಿಲ್ಲವಲ್ಲ ಎಂದು ಜೀವ ಚಡಪಡಿಸುತ್ತದೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡುಗಳ ಜತೆಗೆ ಇದನ್ನೂ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದಂತೆ. ಆದ್ದರಿಂದಲೇ ಅಷ್ಟು ನಾಜೂಕಿನ ಕೆಲಸ ಸಾಧ್ಯವಾದದ್ದು. ಕೆತ್ತಿದವರು ಅಲ್ಲಲ್ಲಿ ತಮ್ಮ ಹೆಸರನ್ನೂ ಬರೆದುಕೊಂಡಿದ್ದಾರೆ. ಮಲ್ಲಿತಮ್ಮ ಎಂಬ ಹೆಸರು ಹಲವು ಕಡೆ ಇದೆ. “ಆಹಾ, ನಮ್ಮವಳೇ ಒಬ್ಬಳು!” ಎಂದು ನನ್ನ ಓರಗಿತ್ತಿ ಹಿಗ್ಗಿದಳು. ಮೇಷ್ಟ್ರು ನಕ್ಕು, “ಅಮ್ಮ ಅಲ್ಲ ತಾಯಿ, ತಮ್ಮ. ಗಂಡಸು” ಎಂದರು.

ಆಮೇಲೆ ಅವರು ನಮ್ಮನ್ನು ಗೋಡೆಯ ಬುಡದ ಹತ್ತಿರ ಕೂರಿಸಿದರು. ಕೆಳಗಿನಿಂದ ಮೇಲಕ್ಕೆ ಸುತ್ತಲೂ ಪಟ್ಟಿ ಪಟ್ಟಿಯಾಗಿ ಕೆತ್ತನೆ. ಮೊದಲು ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು, ಆಮೇಲೆ ಬಳ್ಳಿ, ಅದರ ಮೇಲೆ ಪುರಾಣದ ಕಥೆಗಳು, ಆಮೇಲೆ ಮಕರ, ಅದಕ್ಕೂ ಮೇಲೆ ಹಂಸಗಳ ಸಾಲು. ದೇವರ ವಿಗ್ರಹಗಳೆಲ್ಲ ಈ ಸಾಲುಗಳ ಮೇಲೆಯೇ ನಿಂತಿರುವುದು.

“ಈ ಹಂಸ ಯಾವ ಹಕ್ಕಿ ಹೇಳಿ?” ಎಂದರು ಮೇಷ್ಟ್ರು. ಕ್ಯಾಲೆಂಡರಿನಲ್ಲಿ ಸರಸ್ವತಿಯ ಪಕ್ಕ ಇರುವ ಉದ್ದ ಕತ್ತಿನ ಬಿಳೀ ಹಕ್ಕಿ ಎಂದೆವು. ಅದು ಬೇರೆ ದೇಶದ ಚಿತ್ರ ನೋಡಿ ಬರೆದದ್ದು, ನಮ್ಮ ಹಳಬರು ಹಂಸವೆಂದು ಕಂಡದ್ದು ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಹೆಬ್ಬಾತು ಇರಬೇಕೆಂದು ಅನೇಕ ವಿದ್ವಾಂಸರ ಅಭಿಪ್ರಾಯವಂತೆ. ಮಾನಸ ಸರೋವರದಿಂದ ಹಂಸ ಬರುತ್ತದೆ ಎನ್ನುವುದು ಸುಮ್ಮನೆ ಕವಿಗಳ ಮಾತಲ್ಲ. ತಲೆಯ ಹಿಂದೆ ಎರಡು ಕಪ್ಪು ಪಟ್ಟೆಯಿರುವ ಹೆಬ್ಬಾತು ಟಿಬೆಟ್ಟು, ಮಂಗೋಲಿಯಾ ಕಡೆಯಿಂದ ಹೊರಟು ಆ ಹಿಮದ ಬೆಟ್ಟಗಳನ್ನು ಹಾರಿ ದಾಟಿ ನಮ್ಮ ಕೆರೆಗಳಿಗೆ ಇಂದಿಗೂ ಬರುತ್ತದೆ. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಯಲ್ಲಿ ಚಳಿಗಾಲದಲ್ಲಿ ಅವುಗಳನ್ನು ಕಾಣಬಹುದು.

ನಾನು ಮತ್ತೆ ಗೋಡೆ ನೋಡಿದೆ. ಒಂದೊಂದು ಹಂಸದ ಕತ್ತೂ ಬೇರೆ ಬೇರೆ ರೀತಿ. ಒಂದು ಹಿಂದೆ ತಿರುಗಿದೆ, ಒಂದು ಬಾಗಿದೆ, ಒಂದರ ಬಾಲ ಬಳ್ಳಿಯಂತೆ ಸುರುಳಿ ಸುತ್ತಿದೆ. ಹಕ್ಕಿಯನ್ನು ತಾಳ್ಮೆಯಿಂದ ನೋಡದವನು ಹೀಗೆ ಕೆತ್ತಲಾರ. ನಾಲ್ಕು ವರ್ಷ ನಮ್ಮ ಹಿತ್ತಲಿನ ಹಕ್ಕಿಯನ್ನು ಬಯ್ದೆನೇ ಹೊರತು ಒಂದು ಸಲವಾದರೂ ನೋಡಿದೆನೇ? ಅವುಗಳ ಸರಿಯಾದ ಹೆಸರೂ ನನಗೆ ಗೊತ್ತಿರಲಿಲ್ಲ.

ಮೇಷ್ಟ್ರನ್ನು ಮೆಲ್ಲಗೆ ಕೇಳಿದೆ. ಕೂತಾಗ ಮಣ್ಣಿನ ಬಣ್ಣ, ಹಾರಿದಾಗ ಥಟ್ಟನೆ ಬಿಳಿ ಎಂದು ಗುರುತು ಹೇಳಿದೆ. “ಅದು ಕೊಳದ ಬಕ. ಪೂರ್ತಿ ಬೆಳ್ಳಗಿದ್ದು, ಮಳೆಗಾಲದಲ್ಲಿ ತಲೆ, ಕತ್ತು ಕಿತ್ತಳೆ ಬಣ್ಣ ತಿರುಗಿದರೆ ದನದ ಹಿಂದೆ ಓಡಾಡುವ ಬೆಳ್ಳಕ್ಕಿ. ಎರಡೂ ಜತೆಯಲ್ಲೇ ಗೂಡು ಕಟ್ಟುತ್ತವೆ. ನಿಮ್ಮ ಮನೆಯಲ್ಲಿ ಎಷ್ಟು ಗೂಡಿವೆ?” ಎಂದರು. ಎಣಿಸಿಲ್ಲವೆಂದೆ. ಅವರ ನೋಟುಪುಸ್ತಕ ಜೇಬಿನಿಂದ ಹೊರಬಂದು ಹಾಗೆಯೇ ಒಳಗೆ ಹೋಯಿತು. ನನಗೆ ನಾಚಿಕೆಯಾಯಿತು.

ರಂಗನಾಥನ ತಿಟ್ಟು

ಸಂಜೆ ಶ್ರೀರಂಗಪಟ್ಟಣದಲ್ಲಿ ರಂಗನಾಥನ ದರ್ಶನ. ಗಂಗರ ಕಾಲದಲ್ಲಿ, 894ರಲ್ಲಿ, ತಿರುಮಲಯ್ಯನೆಂಬ ಸಾಮಂತ ಈ ದೇವಾಲಯಕ್ಕೆ ಅಡಿಪಾಯ ಹಾಕಿದನೆಂದು ಹೇಳುತ್ತಾರೆ. ಕಾವೇರಿಯ ದ್ವೀಪಗಳಲ್ಲಿ ಮೂರು ರಂಗರು. ಇಲ್ಲಿ ಆದಿರಂಗ, ಶಿವನಸಮುದ್ರದಲ್ಲಿ ಮಧ್ಯರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ. ಹಾವಿನ ಮೇಲೆ ಮಲಗಿದ ಸ್ವಾಮಿಗೆ ಹಕ್ಕಿಯೇ ವಾಹನ. ಇಷ್ಟು ವರ್ಷ ಕೈಮುಗಿದಿದ್ದರೂ ಅಂದು ಗರುಡನನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದೆ. ರಾತ್ರಿ ಅಲ್ಲಿಯೇ ಒಂದು ಛತ್ರದಲ್ಲಿ ತಂಗಿದೆವು.

ಮರುದಿನ ಬೆಳಿಗ್ಗೆ ಬಾಗಿಲು ತೆರೆಯುತ್ತಿದ್ದಂತೆ ರಂಗನತಿಟ್ಟಿನಲ್ಲಿದ್ದೆವು. ಶ್ರೀರಂಗಪಟ್ಟಣಕ್ಕೆ ಮೂರು ನಾಲ್ಕು ಕಿಲೋಮೀಟರು, ಅಷ್ಟೇ. ತಿಟ್ಟು ಎಂದರೆ ನದಿಯ ನಡುವಿನ ದಿಣ್ಣೆ. ಈ ತಿಟ್ಟುಗಳು ಹುಟ್ಟಿದ ಕಥೆ ಸ್ವಾರಸ್ಯವಾಗಿದೆ. 1645ರಿಂದ 1648ರ ನಡುವೆ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ನೀರಾವರಿಗೆಂದು ಕಾವೇರಿಗೆ ಅಡ್ಡಲಾಗಿ ಕಟ್ಟೆ ಕಟ್ಟಿದರು. ನೀರು ನಿಂತು ಹರಡಿದಾಗ ನಡುವೆ ಉಳಿದ ದಿಣ್ಣೆಗಳೇ ಈ ದ್ವೀಪಗಳಾದವು. ಸುತ್ತ ನೀರು, ಬೆಕ್ಕು ನಾಯಿಗಳ ಕಾಟವಿಲ್ಲ, ಮೀನು ಹೇರಳ. ಹಕ್ಕಿಗಳಿಗೆ ಇನ್ನೇನು ಬೇಕು? ಗದ್ದೆಗೆ ನೀರು ಹರಿಸಲು ಮನುಷ್ಯ ಮಾಡಿದ ಕೆಲಸದಲ್ಲಿ ಹಕ್ಕಿಗೂ ಪಾಲು ಸಿಕ್ಕಿತು. ಹಕ್ಕಿಗಳ ದೊಡ್ಡ ವಿದ್ವಾಂಸರಾದ ಸಲೀಂ ಅಲಿಯವರು ಇಲ್ಲಿನ ಹಕ್ಕಿಗಳನ್ನು ಕಂಡು ಮೈಸೂರು ಮಹಾರಾಜರಿಗೆ ಹೇಳಿದ್ದರಿಂದ 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ಇದನ್ನು ರಾಮ್ಸಾರ್ ತಾಣವೆಂದು, ಅಂದರೆ ಇಡೀ ಜಗತ್ತಿಗೇ ಮುಖ್ಯವಾದ ಜೌಗು ಪ್ರದೇಶವೆಂದು ಗುರುತಿಸಿದರು. ಕರ್ನಾಟಕದಲ್ಲಿ ಆ ಗೌರವ ಮೊದಲು ಸಿಕ್ಕಿದ್ದು ಇದಕ್ಕೇ.

ದೋಣಿಯಲ್ಲಿ ಕೂತು ಬಂಡೆಗಳ ನಡುವೆ ಹೋದೆವು. ಹುಟ್ಟು ಹಾಕುತ್ತಿದ್ದವರೇ ಮಾರ್ಗದರ್ಶಿ. ಅವರ ಕಣ್ಣಿಗೆ ದುರ್ಬೀನೇ ಬೇಡ. “ಅಲ್ಲಿ ನೋಡಿ ಚಮಚದ ಕೊಕ್ಕು” ಎಂದರು. ಪಾಯಸ ಬಡಿಸುವ ಸೌಟಿನಂಥ ಕೊಕ್ಕಿನ ಬಿಳೀ ಹಕ್ಕಿ! ಅದನ್ನು ನೀರಿನಲ್ಲಿ ಆ ಕಡೆ ಈ ಕಡೆ ಆಡಿಸುತ್ತ ಆಹಾರ ಹುಡುಕುತ್ತದೆ. ಬಾಯ್ಕಳಕ ಕೊಕ್ಕರೆಗೆ ಬಾಯಿ ಮುಚ್ಚಿದರೂ ನಡುವೆ ಸಂದಿ ಇರುತ್ತದೆ. ಅಡಕತ್ತರಿಯ ಹಾಗೆ ಕಾಣುವ ಆ ಕೊಕ್ಕು ಶಂಖದ ಹುಳು ಹಿಡಿದು ತಿನ್ನಲು ಹೇಳಿ ಮಾಡಿಸಿದ್ದು. ನೀರುಕಾಗೆ ಮತ್ತು ಹಾವಕ್ಕಿ ಮುಳುಗಿ ಎದ್ದು, ರೆಕ್ಕೆಯನ್ನು ಬಟ್ಟೆ ಹರವಿದಂತೆ ಬಿಸಿಲಿಗೆ ಹಿಡಿದಿದ್ದವು. ನದಿ ರೀವಗಳು ಬಂಡೆಯ ಮೇಲೆ ಸಾಲಾಗಿ ಕೂತಿದ್ದವು. ಮರಗಳಲ್ಲಿ ತೊಗಲುಬಾವಲಿಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ಒಂದು ಬಂಡೆ ಕಣ್ಣು ಬಿಟ್ಟಿತು! ಮೊಸಳೆ. ನಮ್ಮ ಸಮಾಜದ ಕಾರ್ಯದರ್ಶಿಗಳು ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ ಬಳೆ ಒತ್ತಿದ ಗುರುತು ಊರಿಗೆ ಬಂದ ಮೇಲೂ ಇತ್ತು.

ಇಲ್ಲಿಗೂ ಕಷ್ಟ ತಪ್ಪಿದ್ದಲ್ಲ. ಮಳೆ ಜೋರಾಗಿ ಕನ್ನಂಬಾಡಿ ಕಟ್ಟೆಯಿಂದ ನೀರು ಬಿಟ್ಟಾಗ ತಿಟ್ಟುಗಳು ಮುಳುಗುತ್ತವೆ, ತಗ್ಗಿನ ಗೂಡುಗಳು ಕೊಚ್ಚಿಹೋಗುತ್ತವೆ, ಮಣ್ಣು ಸವೆಯುತ್ತದೆ. ಅದಕ್ಕೇ ದಡಗಳಿಗೆ ಮರಳಿನ ಮೂಟೆ ಒಟ್ಟಿ ತಿಟ್ಟುಗಳನ್ನು ಉಳಿಸಿಕೊಳ್ಳುತ್ತಿದ್ದಾರೆ. ಕಟ್ಟೆ ಕಟ್ಟಿದ್ದರಿಂದ ಹುಟ್ಟಿದ ತಿಟ್ಟು, ಮೂಟೆ ಹೊರುವವರು ಇರುವುದರಿಂದ ಉಳಿದಿದೆ.

ದೋಣಿ ಇಳಿಯುವಾಗ ನನಗೆ ಒಂದು ಮಾತು ಹೊಳೆಯಿತು. ಎರಡು ದಿನದಲ್ಲಿ ನಾವು ಕಂಡದ್ದು ಯಾವುದೂ ತಾನಾಗಿ ಉಳಿದದ್ದಲ್ಲ. ದೇವಸ್ಥಾನವಿರಲಿ, ತಿಟ್ಟಿರಲಿ, ಹೆಜ್ಜಾರ್ಲೆಯಿರಲಿ, ಯಾರೋ ಒಬ್ಬರು ತಮ್ಮ ಕೈಯಿಂದ ಖರ್ಚು ಮಾಡಿ, ತಮ್ಮ ಅಂಗಳ ಗಲೀಜು ಮಾಡಿಕೊಂಡು, ಇರಲಿ ಬಿಡಿ ಎಂದದ್ದರಿಂದ ಉಳಿದದ್ದು.

ಹೋಗುವವರಿಗೆ ಕೆಲವು ಕಿವಿಮಾತು

ನೀವೂ ಹೋಗುವುದಾದರೆ ಜನವರಿಯಿಂದ ಏಪ್ರಿಲ್‌ವರೆಗೆ ಒಳ್ಳೆಯ ಕಾಲ. ಹಕ್ಕಿ ನೋಡಲು ಬೆಳಗಿನ ಹೊತ್ತು ಉತ್ತಮ. ಕಣ್ಣಿಗೆ ರಾಚುವ ಬಣ್ಣದ ಸೀರೆ ಬೇಡ, ಹಸಿರೋ ಮಣ್ಣಿನ ಬಣ್ಣವೋ ಇರಲಿ. ಕೊಡೆ ಜತೆಯಲ್ಲಿರಲಿ, ಬಿಸಿಲಿಗೆ ಮಾತ್ರವಲ್ಲ, ಗೂಡಿನ ಕೆಳಗೆ ನಿಲ್ಲುವಾಗಲೂ ಬೇಕಾಗುತ್ತದೆ! ಗೂಡಿನ ಹತ್ತಿರ ಚಪ್ಪಾಳೆ, ಕೂಗು ಕೂಡದು. ಹೆದರಿ ತಾಯಿ ಎದ್ದರೆ ಮೊಟ್ಟೆಯನ್ನು ಕಾಗೆ ಹೊತ್ತೊಯ್ಯುತ್ತದೆ. ಕೊಕ್ಕರೆಬೆಳ್ಳೂರಿನಲ್ಲಿ ಮನೆಯವರನ್ನು ಕೇಳದೆ ಅಂಗಳಕ್ಕೆ ನುಗ್ಗಬೇಡಿ, ಅದು ಅವರ ಮನೆ.

ಬುತ್ತಿಗೆ ನಾವು ಒಯ್ದದ್ದು ಚಪಾತಿ, ಚಟ್ನಿಪುಡಿ, ಕೋಡುಬಳೆ ಮತ್ತು ಪುಳಿಯೋಗರೆ. ಪುಳಿಯೋಗರೆ ಗೊಜ್ಜನ್ನು ಎಳ್ಳೆಣ್ಣೆಯಲ್ಲಿ, ನೀರು ಪೂರ್ತಿ ಇಂಗಿ ಎಣ್ಣೆ ಬಿಡುವ ತನಕ ಕುದಿಸಿ, ಒಣಗಿದ ಡಬ್ಬಿಯಲ್ಲಿ ಬೇರೆಯಾಗಿಯೇ ಇಟ್ಟುಕೊಳ್ಳಿ. ಕಲಸಿದ ಅನ್ನ ಅದೇ ದಿನಕ್ಕೆ, ಗೊಜ್ಜು ಮರುದಿನಕ್ಕೂ ಆಗುತ್ತದೆ. ಎಲೆ, ಕಾಗದ, ಪ್ಲಾಸ್ಟಿಕ್ಕು ಎಲ್ಲವನ್ನೂ ವಾಪಸು ತನ್ನಿ.

ನನ್ನಂತೆ ಹಿತ್ತಲಲ್ಲಿ ಹಕ್ಕಿ ಮರ ಇರುವ ಸೋದರಿಯರಿಗೆ ಇನ್ನೆರಡು ಮಾತು. ಗೂಡು, ಮೊಟ್ಟೆ ಹಾಳುಮಾಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಮರ ಕಡಿಯಲೂ ಬಹಳ ಕಡೆ ಅರಣ್ಯ ಇಲಾಖೆಯ ಅನುಮತಿ ಬೇಕು, ವಿಚಾರಿಸದೆ ಕೊಡಲಿ ಹಾಕಿಸಬೇಡಿ. ಇದು ನನಗೂ ಮೊದಲು ಗೊತ್ತಿರಲಿಲ್ಲ. ಹಿಕ್ಕೆಯನ್ನು ಹಸಿಯಾಗಿ ಗಿಡಕ್ಕೆ ಹಾಕಿದರೆ ಬುಡ ಸುಟ್ಟುಹೋಗುತ್ತದೆ. ಮಣ್ಣು, ತರಗೆಲೆ ಜತೆ ಗುಂಡಿಯಲ್ಲಿ ಕೆಲವು ತಿಂಗಳು ಕೊಳೆಸಿ ಹಾಕಬೇಕು. ಒಣಗಿದ್ದನ್ನು ಗುಡಿಸುವಾಗ ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಮತ್ತೆ ನಮ್ಮ ಹಿತ್ತಲಿಗೆ

ಊರಿಗೆ ಬಂದ ನಾಲ್ಕನೇ ದಿನ ಬೆಳಿಗ್ಗೆ ಮರ ಕಡಿಯುವವನು ಹಗ್ಗ, ಗರಗಸ ಹೊತ್ತು ಬಂದೇಬಿಟ್ಟ. ಬೇಡಪ್ಪ ಎಂದೆ. ಮುಂಗಡ ವಾಪಸು ಕೊಡುವ ಪದ್ಧತಿಯಿಲ್ಲವೆಂದು ಅವನು. ಒಂದಿಷ್ಟು ಚೌಕಾಸಿಯಾದ ಮೇಲೆ ಆ ದುಡ್ಡಿಗೆ ಸೂರಿನ ಮೇಲೆ ಬಾಗಿದ್ದ ಎರಡು ಒಣಕೊಂಬೆ ಕಡಿದುಕೊಟ್ಟು ಹೋದ. ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತದೆ, “ಏನು, ಮರ ಉಳೀತಾ?” ಎಂದರು. “ಅತ್ತೆಯವರು ನೆಟ್ಟ ಮರ ಅಲ್ವೇ?” ಎಂದೆ. ಅವರು ಪೇಪರು ಕೆಳಗಿಟ್ಟು ನನ್ನ ಮುಖ ನೋಡಿದರು.

ಬಟ್ಟೆ ಹರವುವ ತಂತಿಯನ್ನು ಮನೆಯ ಮುಂದಿನ ಪಕ್ಕಕ್ಕೆ ಕಟ್ಟಿಸಿದೆ. ತುಳಸಿಕಟ್ಟೆಯನ್ನು ಸರಿಸುವಂತಿಲ್ಲ, ಅದರ ಮೇಲೆ ನಾಲ್ಕು ಕಂಬ ನೆಟ್ಟು ತಗಡು ಹೊದಿಸಿದೆವು. ಹಿತ್ತಲ ಮೂಲೆಯಲ್ಲಿ ಗೊಬ್ಬರದ ಗುಂಡಿ ತೋಡಿಸಿದೆ. ಮುಂದಿನ ವರ್ಷ ಮೂರು ತೆಂಗಿನ ಮರಕ್ಕೆ ಅದೇ ಗೊಬ್ಬರ.

ಜ್ಯೇಷ್ಠದ ಮಳೆ ಎರಡು ಸಲ ಬಿದ್ದ ಮೇಲೆ ಬಂದವು. ವಾಸನೆ ಈ ಸಲವೂ ಇದೆ, ಸುಳ್ಳು ಹೇಳುವುದಿಲ್ಲ. ಅಡಿಗೆಮನೆ ಕಿಟಕಿ ಮುಚ್ಚಿಯೇ ಇದೆ. ರಂಗೋಲಿಯನ್ನು ಈಗ ಹೊಸಲಿನ ಒಳಗೆ ಇಡುತ್ತೇನೆ. ಆದರೆ ಮಗನ ಹಳೇ ನೋಟುಪುಸ್ತಕದಲ್ಲಿ ದಿನಾ ಬರೆದಿಡುತ್ತಿದ್ದೇನೆ. ಕೊಳದ ಬಕದ ಗೂಡು 11, ಬೆಳ್ಳಕ್ಕಿಯದು 6. ಮೊನ್ನೆ ಸಾಯಂಕಾಲ ಮೇಷ್ಟ್ರಿಗೆ ಫೋನು ಮಾಡಿ ಲೆಕ್ಕ ಒಪ್ಪಿಸಿದೆ. “ಸರಿಯಾಗಿ ಎಣಿಸಿದ್ದೀರಾ ತಾಯಿ?” ಎಂದು ಕೇಳಿದರು.

ಎರಡು ಸಲ ಎಣಿಸಿದ್ದೇನೆ. ಒಂದು ಸಲ ನಾನು, ಒಂದು ಸಲ ನಮ್ಮ ಮನೆಯವರು.